ಮಟ್ಟುವಿನಲ್ಲಿ ನಿಂತೇ ಇದ್ದೆನಂತೆ

ಗೆಳೆಯರೇ, ಕಾಪುವಿನಿಂದ ಕುಂದಾಪುರದವರೆಗೆ ಕಡಲ ಬದಿಯಲ್ಲೇ ನಡೆಯುವ ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಮಣಿಪಾಲದ ಬ್ಯಾಂಕಿನ ಕೆಲಸಕ್ಕೆ ಭಾನುವಾರ ಮಾತ್ರ ರಜೆ. ಅವತ್ತೂ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬೇಕೆಂದು ಹೆಂಡತಿಯ ಕಟ್ಟಪ್ಪಣೆ. ಹಾಗಾಗಿ ತುಂಡು ತುಂಡಾಗಿ ನಡೆಯುತ್ತೇನೆ. ಕಳೆದ ವಾರ ಮಟ್ಟುವಿನಲ್ಲಿ ನಿಲ್ಲಿಸಿ ಬಸ್ಸು ಹತ್ತಿದ್ದೆ. ಇವತ್ತು ಬೆಳಿಗ್ಗೆ ಮುಂದುವರಿಸಲು ಅಲ್ಲಿಗೇ ಹೋದೆ.

ಗುಳ್ಳ ಬದನೆಯ ಗಿಡಗಳಿಗೆ ನೀರು ಹೊಯ್ಯುತ್ತಿದ್ದ ಅಜ್ಜಿಯೊಬ್ಬರು ಕೊಡಪಾನ ಕೆಳಗಿಟ್ಟರು.

"ಅಂತೂ ಅಲ್ಲಾಡಿದಿರಲ್ಲ ಮಾರಾಯ್ರೇ! ಹೋದ ಭಾನುವಾರದಿಂದ ಆ ತೆಂಗಿನ ಬುಡದಲ್ಲೇ ನಿಂತಿದ್ದೀರಿ. ನಿಮಗೆ ಮನೆ ಉಂಟಲ್ವಾ?"

"ನಾನು ಅವತ್ತೇ ಹೋದೆನಲ್ಲ ಅಮ್ಮ."

"ಹಾಗಾದ್ರೆ ಬಿಸಿಲಲ್ಲಿ ನಿಂತವರು ಅಂತ ನಾನು ದಿನಾ ಬೆಲ್ಲ, ನೀರು ಕೊಟ್ಟದ್ದು ಯಾರಿಗೆ?"

ತೆಂಗಿನ ಬುಡಕ್ಕೆ ಹೋಗಿ ನೋಡಿದೆ. ಲೋಟ ಬರಿದಾಗಿತ್ತು. ಮರಳಿನಲ್ಲಿ ಕಡಲಿಗೆ ಮುಖ ಮಾಡಿದ ಎರಡೇ ಹೆಜ್ಜೆ, ಮೊಳೆ ಹೊಡೆಸಿದ ನನ್ನ ಚಪ್ಪಲಿಯದೇ ಅಚ್ಚು. ಅಲ್ಲಿಗೆ ಬಂದ ಗುರುತಿಲ್ಲ, ಹೋದ ಗುರುತೂ ಇಲ್ಲ.

ಮನೆಗೆ ಬಂದು ಹೇಳಿದರೆ ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ. "ಮತ್ತೆಂತ? ಈ ವಾರವಿಡೀ ಕರೆದರೆ ಒಮ್ಮೆಯಾದರೂ ಓ ಅಂದದ್ದುಂಟಾ ನೀವು?"

ಇವತ್ತು ಪಡುಕೆರೆಯ ದೋಣಿ ಕಡವಿನಲ್ಲಿ ನಿಲ್ಲಿಸಿ ಬಂದಿದ್ದೇನೆ. ನಾಳೆ ಬ್ಯಾಂಕಿದೆ. ಯಾರಾದರೂ ಆ ಕಡೆ ಹೋದರೆ ನನಗೊಂದು ಲೋಟ ನೀರು ಕೊಡಿ.