ಖಲಂದರನ ಶುಕ್ರವಾರದ ಗುಡಿಸಾಟ

ಆಲೂರಿನ ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಖಲಂದರನಿಗೆ ಕಂಪ್ಯೂಟರಿನಲ್ಲಿ ಗೊತ್ತಿಲ್ಲದ್ದೇ ಇರಲಿಲ್ಲ. ಯಾಕೆಂದರೆ ಗೊತ್ತಿಲ್ಲದ್ದನ್ನೆಲ್ಲ ಅಳಿಸಿಬಿಡುತ್ತಿದ್ದ. ಫೋಟೊ ಎಂದಮೇಲೆ ಹೆಸರಿನ ಕೊನೆಗೆ ಜೆಪಿಜಿ ಎಂಬ ಬಾಲ ಇರಬೇಕು. ಬೇರೆ ಬಾಲದ್ದು, ಒತ್ತಿದರೂ ತೆರೆಯದೆ ಬರೀ ಬಿಳಿ ಹಾಳೆಯ ಗುರುತು ತೋರಿಸುವಂಥದ್ದು ಕಂಡರೆ ಅದು ವೈರಸ್ಸೇ. ಪ್ರತಿ ಶುಕ್ರವಾರ ನಮಾಜಿಗೆ ಹೊರಡುವ ಮುಂಚೆ ಅಂಗಡಿ ಗುಡಿಸಿ, ಕಂಪ್ಯೂಟರನ್ನೂ ಗುಡಿಸಿ, ಅದರೊಳಗಿನ ಕಸದ ಬುಟ್ಟಿಯನ್ನೂ ಬರಿದು ಮಾಡಿಯೇ ಅವನು ಟೋಪಿ ಹಾಕುತ್ತಿದ್ದದ್ದು.

ಪಾಳ್ಯದ ನಂಜುಂಡಯ್ಯ ಒಮ್ಮೆ ಆನೆ ತುಳಿದ ಗದ್ದೆಯ ಫೋಟೊಗಳನ್ನು ಪರಿಹಾರದ ಅರ್ಜಿಗೆಂದು ತಂದುಕೊಟ್ಟಿದ್ದರು. ವಾರ ಬಿಟ್ಟು ಕೇಳಿದರೆ, "ವೈರಸ್ ತಂದ್ಕೊಟ್ಟಿದ್ರಲ್ಲ ಯಜಮಾನ್ರೆ! ನಾನಾಗಿದ್ಕೆ ಕಂಪ್ಯೂಟರ್ ಉಳೀತು" ಎಂದು ಅವರಿಗೇ ಬೈದ. ಪಾಪ, ಅವರು ತಪ್ಪಾಯಿತು ಎಂದು ಕೈಮುಗಿದು ಹೋದರು. ತುಂಬಿದ ಕೊಡ ತುಳುಕುವುದಿಲ್ಲವಂತೆ. ನಮ್ಮ ಖಲಂದರ ದಿನವಿಡೀ ತುಳುಕುತ್ತಿದ್ದ.

ಅವನ ತಾಯಿ ಮರಿಯಮ್ ಬೀಗೆ ಫೋಟೊ ಎಂದರೆ ಆಗದು. ಹಾಸನದಲ್ಲಿರುವ ಅವನ ಅಕ್ಕ ಆಸ್ಫಿಯಾ ಕಳೆದ ವರ್ಷ ತಾಯಿಯನ್ನು ಬಿಸಿಲೆ ಘಾಟಿ ನೋಡಲು ಕರೆದೊಯ್ದಾಗ, ಗಾಳಿಗೆ ಸೆರಗು ಹಾರಿ ಮುದುಕಿ ಬಾಯ್ತುಂಬ ನಕ್ಕದ್ದನ್ನು ತನ್ನ ಹೊಸ ಫೋನಿನಲ್ಲಿ ಹಿಡಿದಿದ್ದಳು. ಫೋನು ತುಂಬಿತೆಂದು ಆ ಫೋಟೊಗಳನ್ನೆಲ್ಲ ತಮ್ಮನ ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಅಳಿಸಿ ನಿಶ್ಚಿಂತಳಾದಳು.

ಈ ವರ್ಷ ಮರಿಯಮ್ ಬೀ ತೀರಿಕೊಂಡರು. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ಆಸ್ಫಿಯಾ ಅಂಗಡಿಗೆ ಬಂದಳು.

"ಬಿಸಿಲೆ ಫೋಟೊ ತೆಗಿಯೋ. ಅಮ್ಮಿ ನಗೋದನ್ನ ಒಂದ್ಸಲ ನೋಡ್ಬೇಕು."

"ಯಾವ್ದು ಆಪಾ? ಬಿಳೀ ಹಾಳೆ ಥರ ಒಂದಷ್ಟು ಇದ್ವಲ್ಲ, ಅವಾ? ವೈರಸ್ ಅವು. ಆ ಶುಕ್ರವಾರಾನೇ ಗುಡಿಸ್ಬುಟ್ಟೆ."

"ಅಯ್ಯೋ ಹುಚ್ಚ, ನನ್ ಫೋನ್‌ದು ಹಂಗೇ ಬರೋದು ಕಣೋ! ಬಾಲ ಬೇರೆ ಅಷ್ಟೇ. ಕೇಳಿದ್ರೆ ಯಾರಾದ್ರೂ ತೆಗೆದು ತೋರಿಸೋರು. ಒಳಗೆ ಅಮ್ಮಿ ಇದ್ರು."

ಖಲಂದರ ಕಂಪ್ಯೂಟರಿನತ್ತ ತಿರುಗಿದ. ಕಸದ ಬುಟ್ಟಿ ತೆರೆದ. ಅದು ಎಂದಿನಂತೆ ಶುಭ್ರವಾಗಿತ್ತು. ತಾಯಿಯ ಹೆಸರು ಒತ್ತಿ ಇಡೀ ಕಂಪ್ಯೂಟರ್ ಹುಡುಕಿದ. ಒಂದೇ ಒಂದು ಸಿಕ್ಕಿತು, ಜೆಪಿಜಿ ಬಾಲದ್ದು. ಪಿಂಚಣಿ ಅರ್ಜಿಗೆಂದು ಇದೇ ಸ್ಟೂಲಿನ ಮೇಲೆ ಕೂರಿಸಿ ಅವನೇ ತೆಗೆದದ್ದು.

ಅದರಲ್ಲಿ ಮರಿಯಮ್ ಬೀ ತುಟಿ ಬಿಗಿದು, ಕಣ್ಣರಳಿಸಿ ಕೂತಿದ್ದರು. ಅಂದು ಮಗನ ಗತ್ತು ನೋಡಿ ಅವರಿಗೆ ನಗು ಬಂದಿತ್ತು. "ನಗ್ಬೇಡ ಅಮ್ಮಿ, ಹಲ್ಲು ಕಂಡ್ರೆ ಅರ್ಜಿ ವಾಪಸ್ ಬರ್ತೈತೆ" ಎಂದು ಅವನು ಗದರಿದ್ದ. ಮಗನಿಗೆ ಗೊತ್ತಿಲ್ಲದ್ದು ಇಲ್ಲವೆಂದು ನಂಬಿದ ಆ ತಾಯಿ ತಕ್ಷಣ ಬಾಯಿ ಮುಚ್ಚಿಕೊಂಡಿದ್ದರು.