ಪೈಜಾಮ ಪರಾಕ್ರಮಿಯ ಅಭಿಮಾನಿ

“ಎಲೈ ದುಷ್ಟ ಬಾಗಿಲೇ, ನಿನ್ನನ್ನು ಒದ್ದು ಮುರಿಯೋ ಮುಂಚೆ ಕ್ಷಮೆ ಕೇಳ್ತಿದೀನಿ! ಒಳಗಿರೋ ಖಳನಿಗೆ ಹೇಳು, ಪೈಜಾಮ ಪರಾಕ್ರಮಿ ಬಂದಿದಾನೆ, ಲಾಡಿ ಸಿಕ್ಕಿದ ಕೂಡಲೇ ಯುದ್ಧ ಶುರು!” ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ, ಒಹಾಯೋದ ನಮ್ಮ ಬಟ್ಟೆ ಒಗೆಯುವ ಅಂಗಡಿಯಲ್ಲಿ, ವಾರದ ಬಟ್ಟೆ ತರುವ ಗಿರಾಕಿ, ಐವತ್ತು ದಾಟಿದ ಆರಿನ್, ಬಿಸಿ ಟವೆಲನ್ನು ಕೊರಳಿಗೆ ಕಟ್ಟಿಕೊಂಡು ಒಣಗಿಸುವ ಯಂತ್ರದ ಬಾಗಿಲಿಗೆ ಹೀಗೆ ಗದರುತ್ತಾನೆ. ಅವನು ಚಿಕ್ಕವನಿದ್ದಾಗ ಇದೇ ಹೊತ್ತಿಗೆ ಟೀವಿಯಲ್ಲಿ ಹದಿಮೂರೇ ವಾರ ಬಂದು ನಿಂತುಹೋದ ಕಾರ್ಟೂನಿನ ಮಾತದು. “ಯಾರೂ ನೋಡ್ಲಿಲ್ಲ, ರೊವೀನಾ ಅಮ್ಮ. ನೋಡಿದ್ದು ನಾನು, ನನ್ ತಮ್ಮ ಡೆಲ್, ಇಬ್ರೇ,” ಎನ್ನುತ್ತಾನೆ ನನಗೆ. “ಪುಣ್ಯ ಕಣೋ, ಊರೆಲ್ಲ ನೋಡಿದ್ರೆ ಇಲ್ಲಿ ಒಂದ್ ಟವೆಲೂ ಉಳೀತಿರಲಿಲ್ಲ,” ಎನ್ನುತ್ತೇನೆ. ಹದಿಮೂರು ಕಂತೂ ಅವನಿಗೆ ಬಾಯಿಪಾಠ. ಆದರೆ ಪರಾಕ್ರಮಿಯ ಜೊತೆಗಾರ ಹೇಳುವ ಮಾತು ಬಂದಾಗ ಮಾತ್ರ ಸುಮ್ಮನೆ ನಿಲ್ಲುತ್ತಾನೆ. ಮರೆತನೇನೋ ಎಂದುಕೊಂಡು ಒಮ್ಮೆ ಕೇಳಿದೆ. “ಅದು ಡೆಲ್ ಹೇಳೋದು,” ಎಂದ. ಡೆಲ್ ತೀರಿಕೊಂಡು ನಾಲ್ಕು ವರ್ಷ. ಆ ಮಾತು ಮುಗಿಯುವಷ್ಟು ಹೊತ್ತು ಕಾದು, ನಕ್ಕು, ಆಮೇಲೆ ಮುಂದಿನದನ್ನು ಹೇಳುತ್ತಾನೆ. ಮೊನ್ನೆ ದೊಡ್ಡ ಚಾದರವನ್ನು ಗಲ್ಲದಡಿ ಸಿಕ್ಕಿಸಿಕೊಂಡು ಒಬ್ಬನೇ ಮಡಚಲು ಒದ್ದಾಡುತ್ತಿದ್ದ. “ಆ ತುದಿ ಇಲ್ ಕೊಡಪ್ಪ,” ಎಂದೆ. ಅವನು ಹಿಂದೆ ಸರಿದ, ಚಾದರ ಬಿಗಿಯಾಯಿತು. ನಾನು ಮುಂದೆ ನಡೆದು ಮೂಲೆಗೆ ಮೂಲೆ ಸೇರಿಸಿದೆ. ಬುಟ್ಟಿಯಲ್ಲಿ ಇನ್ನೂ ಒಂದಿತ್ತು. ಅದನ್ನೂ ಕೊಡವಿ ಹಿಡಿದೆವು.