ಕೆಂಪಮ್ಮನ ಗೋಧಿ ಶಾವಿಗೆ

ಕಾಮಸಮುದ್ರದ ಕಡೆಯ ಹಳ್ಳಿಯಿಂದ ಸೀನಪ್ಪನನ್ನು ಕಟ್ಟಿಕೊಂಡು ಚಿನ್ನದ ಗಣಿಯ ಊರಿಗಾಂಗೆ ಬಂದಾಗ ಕೆಂಪಮ್ಮನಿಗೆ ತವರಿನವರು ಕೊಟ್ಟಿದ್ದು ಒಂದು ಟ್ರಂಕು, ಒಂದು ಮರದ ಶಾವಿಗೆ ಒರಳು. ಟ್ರಂಕು ತುಕ್ಕು ಹಿಡಿದು ಗುಜರಿಗೆ ಹೋಯಿತು. ಒರಳಿನಿಂದ ಕೆಂಪಮ್ಮ ಹೆಸರು ಮಾಡಿದಳು. ನೆಂಟರಿಷ್ಟರಲ್ಲಿ ನಾಮಕರಣವಾಗಲಿ, ಸೀಮಂತವಾಗಲಿ, ಒತ್ತು ಶಾವಿಗೆ ಎಂದರೆ ಅವಳೇ ಬರಬೇಕು. ಅವಳು ಬರುವವರೆಗೆ ಬೇರೆ ಹೆಂಗಸರು ಹಿಟ್ಟಿನ ಪಾತ್ರೆಯನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟಿದವರು ಏನು ಕೇಳಬೇಕಾಗುತ್ತಿತ್ತೋ ಅದನ್ನು ಇಲ್ಲಿ ಬರೆಯುವುದು ಬೇಡ.

ಶಾವಿಗೆ ಒತ್ತುವುದು ಒಬ್ಬರ ಕೆಲಸವಲ್ಲ. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಆರುವ ಮೊದಲೇ ಒರಳಿಗೆ ಹಾಕಬೇಕು, ಇನ್ನೊಬ್ಬರು ಅದರ ಉದ್ದನೆಯ ಹಿಡಿಗೆ ಜೋತುಬಿದ್ದು ಒತ್ತಬೇಕು. ಜೋತುಬೀಳುವವನು ಸೀನಪ್ಪ. ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ಭಾರಿ ಆಳು. ಅವನು ಹಿಡಿಗೆ ಮೈಯೊರಗಿಸಿದರೆ ಸಾಕು, ಎಳೆಗಳು ಗೊಣಗದೆ ಇಳಿಯುತ್ತಿದ್ದವು. ಹೊಗಳಿಕೆಯಲ್ಲಿ ಮಾತ್ರ ಅವನಿಗೆ ಪಾಲಿರಲಿಲ್ಲ.

ಇಂಥವಳ ಮನೆಗೆ ಸೊಸೆಯಾಗಿ ಬಂದ ಬಿಂದುಶ್ರೀ ಒಂದು ದಿನ ನೂಡಲ್ಸ್ ಪ್ಯಾಕೆಟ್ ತಂದಳು. ಖಾಸಗಿ ಶಾಲೆಯಲ್ಲಿ ಪಾಠ ಮಾಡುವ ಹುಡುಗಿ, ಸಂಜೆ ಹಸಿದು ಬರುತ್ತಿದ್ದಳು. ಕೆಂಪಮ್ಮ ಪ್ಯಾಕೆಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಈ ಉಳ ನನ್ನ ಅಡುಗೆಮನೆ ಒಳಿಕ್ಕೆ ಬಂದ್ರೆ ನಾನು ಆಚಿಕ್ಕೆ ಓಗ್ತೀನಿ" ಎಂದಳು. ಅಂದಿನಿಂದ ಪ್ಯಾಕೆಟ್‌ಗಳು ರಾಗಿ ಡಬ್ಬದ ಹಿಂದೆ ತಲೆಮರೆಸಿಕೊಂಡವು. ಅದು ಕೆಂಪಮ್ಮನಿಗೆ ಗೊತ್ತಾಗಲು ಎರಡು ದಿನವೂ ಬೇಕಾಗಲಿಲ್ಲ. ಮುಂದೆ ಯಾವುದಾದರೂ ಜಗಳಕ್ಕೆ ಒದಗಲಿ ಎಂದು ಸುಮ್ಮನೆ ಬಿಟ್ಟಿದ್ದಳು.

ಅವರೆಕಾಯಿ ಕಾಲ ಬಂತು. ಕಾಮಸಮುದ್ರದಿಂದ ಸೀನಪ್ಪನ ಅಕ್ಕ ಪಿಳ್ಳಮ್ಮ ಫೋನ್ ಮಾಡಿದಳು. "ಶನಿವಾರ ಬತ್ತೀನಿ ಕಣಮ್ಮಿ. ಇತಕಿದ ಬೇಳೆ ಸಾರು ಮಾಡು, ಶಾವಿಗೆ ಒತ್ತು. ಮುಂದಿನ ತಿಂಗ್ಳು ನಮ್ಮ ಪ್ರಿಯಾ ಸೀಮಂತ. ಶಾವಿಗೆ ನಿನ್ ಕೈಲೇ ಮಾಡ್ಸೋದಾ, ಬಂಗಾರಪೇಟೆ ಅಡುಗೆಯೋರಿಗೆ ಏಳ್ಬುಡೋದಾ ಅಂತ ತಿಂದು ನೋಡಿ ಏಳ್ತೀನಿ. ನಿಂಗೂ ವಯಸ್ಸಾತಲ್ಲ."

ಕೆಂಪಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮೊಮ್ಮಗಳ ಸೀಮಂತಕ್ಕೆ ಪಿಳ್ಳಮ್ಮ ಅಡುಗೆಯವರನ್ನು ಕರೆಸಿದರೆ ಉಳಿದವರೂ ಅದೇ ದಾರಿ ಹಿಡಿಯುತ್ತಾರೆ; ಆಮೇಲೆ ಕೆಂಪಮ್ಮ ಪಂಕ್ತಿಯಲ್ಲಿ ಕೂತು ಉಂಡು ಬರುವ ನೆಂಟಳು, ಅಷ್ಟೆ. ಅದೊಂದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ. ತೊಂದರೆಯೇನೆಂದರೆ, ಸೀನಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ ಹೊಲಿಗೆ ಇನ್ನೂ ಹಸಿಯಾಗಿತ್ತು. ಕೊಡ ಕೂಡ ಎತ್ತಬಾರದೆಂದು ಡಾಕ್ಟರ್ ಹೇಳಿದ್ದರು.

ಶನಿವಾರ ಬೆಳಿಗ್ಗೆ ಮಗ ರೂಪೇಶ್ ಫ್ಯಾಕ್ಟರಿಗೆ, ಸೊಸೆ ಶಾಲೆಗೆ ಹೋದರು. "ಮೆತ್ತಗೆ ಒತ್ತಿಕೊಡ್ಲಾ?" ಎಂದು ಹಿಡಿಯ ಹತ್ತಿರ ಬಂದ ಸೀನಪ್ಪನನ್ನು ಕೆಂಪಮ್ಮ ಕಣ್ಣಲ್ಲೇ ತಡೆದು, ಅಕ್ಕನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಅಟ್ಟಿದಳು. ಸಾರು ಒಲೆಯ ಮೇಲೆ ಘಮಘಮಿಸುತ್ತಿತ್ತು. ಉಂಡೆ ಬೇಯಿಸಿ ಒರಳಿಗೆ ಹಾಕಿ ತಾನೇ ಹಿಡಿಗೆ ಜೋತುಬಿದ್ದಳು. ಹಿಡಿ ಅಲುಗಲಿಲ್ಲ. ಸೀರೆ ಎತ್ತಿಕಟ್ಟಿ ಸ್ಟೂಲ್ ಹತ್ತಿ ಹಿಡಿಯ ಮೇಲೆ ಬಿದ್ದಳು. ಹಿಡಿ ಇದ್ದಲ್ಲೇ ಇತ್ತು, ಅವಳು ಗಾಳಿಯಲ್ಲಿ ಸ್ವಲ್ಪ ಹೊತ್ತು ತೂಗಾಡಿ ಇಳಿದಳು. ಅಷ್ಟರಲ್ಲಿ ಉಂಡೆ ಆರಿ ಒರಳೊಳಗೆ ಸಿಮೆಂಟಾಗಿತ್ತು.

ಕೆಂಪಮ್ಮ ನೆಲದ ಮೇಲೆ ಕೂತು ಒರಳನ್ನು ಬೈದಳು, ಹೊಲಿಗೆ ಹಾಕಿದ ಡಾಕ್ಟರನ್ನು ಬೈದಳು, ಕೊನೆಗೆ ಎದ್ದು ರಾಗಿ ಡಬ್ಬದ ಹಿಂದೆ ಕೈಹಾಕಿದಳು.

ಕದ್ದ ಮಾಲನ್ನಾದರೂ ಅವಳು ಕಾಟಾಚಾರಕ್ಕೆ ಬೇಯಿಸುವವಳಲ್ಲ. ಮಸಾಲೆ ಪುಡಿಯ ಚೀಟಿಗಳನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನೂಡಲ್ಸನ್ನು ಕುದಿಸಿ, ಆ ನೀರನ್ನು ಬಸಿದು ಚೆಲ್ಲಿ, ತಣ್ಣೀರಲ್ಲಿ ಜಾಲಿಸಿದಳು. ಕಡಲೆಕಾಯಿ ಎಣ್ಣೆ ಸವರಿ, ಮಗುವಿನ ತಲೆ ಬಾಚಿದ ಹಾಗೆ ಬೆರಳಲ್ಲಿ ಬಾಚಿ ಗುಂಗುರು ಬಿಡಿಸಿದಳು. ದುಂಡಗೆ ಸುತ್ತಿ ಇಡ್ಲಿ ತಟ್ಟೆಯಲ್ಲಿಟ್ಟು ಹಬೆಯಲ್ಲಿ ಇನ್ನೊಮ್ಮೆ ಬೇಯಿಸಿದ ಮೇಲೆ ಉಳಿದಿದ್ದ ಸುರುಳಿಯೂ ಸೋತು ಮಲಗಿತು. ಬಣ್ಣ ಮಾತ್ರ ಹಳದಿ. ಅದಕ್ಕೊಂದು ಮಾತು ಸಿದ್ಧಮಾಡಿಕೊಂಡಳು.

ಪಿಳ್ಳಮ್ಮ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತಳು. ಅಷ್ಟರಲ್ಲಿ ಅರ್ಧ ದಿನದ ಶಾಲೆ ಮುಗಿಸಿ ಬಿಂದುಶ್ರೀಯೂ ಬಂದು ಊಟಕ್ಕೆ ಕೂತಳು.

"ಇದ್ಯಾಕೆ ಅರಿಶಿನ ಬಳ್ಕಂಡಂಗೈತೆ?" ಎಂದಳು ಪಿಳ್ಳಮ್ಮ.

"ಗೋಧಿದು ಅಕ್ಕ. ನಿಂಗೆ ಸಕ್ಕರೆ ಕಾಯಿಲೆ ಅಲ್ವಾ, ಅಕ್ಕಿದು ಯಾಕೆ ಅಂತ."

ಪಿಳ್ಳಮ್ಮ ಹಿತಕಿದ ಬೇಳೆ ಸಾರು ಸುರಿಸಿಕೊಂಡು, ಮೇಲೆ ತುಪ್ಪ ಹಾಕಿಸಿಕೊಂಡು ಒಂದು ತುತ್ತು ಬಾಯಿಗಿಟ್ಟಳು. ಕೆಂಪಮ್ಮ ಸೌಟು ಹಿಡಿದು ನಿಂತಳು. ಇನ್ನೊಂದು ತುತ್ತು ಹೋಯಿತು. ತಟ್ಟೆ ಖಾಲಿಯಾಯಿತು.

"ಕೆಂಪಿ, ಇಷ್ಟು ವರ್ಸಕ್ಕೆ ಈಗ ಕಲ್ತೆ ನೋಡು. ಮುಂಚೆ ನಿನ್ ಶಾವಿಗೆ ಗಂಟ್ಲಾಗೆ ಹುರಿಹಗ್ಗ ಇಳ್ದಂಗೆ ಇಳೀತಿತ್ತು. ನಿಂಗೆ ಬೇಜಾರಾಗ್ತದೆ ಅಂತ ಏಳ್ತಿರ್ಲಿಲ್ಲ. ಇದು ನೋಡು, ಅಂಗೇ ಜಾರ್ತದೆ. ಸೀಮಂತಕ್ಕೆ ನೀನೇ ಒತ್ತು."

ಗೆದ್ದಿದ್ದಳು. ಆದರೂ ಕೆಂಪಮ್ಮನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಅಷ್ಟು ಸಾಲದೆಂದು ಪಿಳ್ಳಮ್ಮ ಬಿಂದುಶ್ರೀಯ ಕಡೆ ತಿರುಗಿದಳು. "ನಿಮ್ಮತ್ತೆ ಹತ್ರ ಕಲ್ತ್ಕೊ. ಪ್ಯಾಕೆಟ್ ಅರಿದು ಬಿಸ್ನೀರಿಗೆ ಹಾಕೋದು ಅಡುಗೆ ಅಲ್ಲ."

"ಕಲೀತೀನಿ ದೊಡ್ಡತ್ತೆ" ಎಂದು ಬಿಂದುಶ್ರೀ ತಲೆತಗ್ಗಿಸಿದಳು. ಅವಳು ನಗು ತಡೆಯುತ್ತಿದ್ದಳೋ, ಅಳುವೋ, ಕೆಂಪಮ್ಮನಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾಗಿದ್ದರೂ ತಪ್ಪು ತನ್ನದೇ ಎನ್ನುವುದು ತಿಳಿಯಿತು. ನಾಚಿಕೆಯಾಯಿತು.

"ಅಕ್ಕ, ಅವಳ್ನ ಯಾಕೆ ಬೈತೀಯ. ನೀನು ತಿಂದಿದ್ದೇ ಪ್ಯಾಕೆಟ್‌ದು" ಎಂದು ಬಾಯಿಬಿಟ್ಟು, ಸಾಕ್ಷಿಗೆ ಸೊಂಟದ ಚೀಟಿಗಳನ್ನು ತೆಗೆದು ಪಿಳ್ಳಮ್ಮನ ಮುಂದೆ ಇಟ್ಟಳು.

ಪಿಳ್ಳಮ್ಮ ಚೀಟಿ ನೋಡಿದಳು, ಅತ್ತೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು. ಅವಳ ಕಣ್ಣು ಒದ್ದೆಯಾಯಿತು. "ಸೊಸೆ ಮುಖ ಸಣ್ಣದಾಯ್ತು ಅಂತ ಇಂಥ ಸುಳ್ಳು ಏಳ್ತೀಯಲ್ಲ ಕೆಂಪಿ. ಆ ಉಡ್ಗಿ ತಿನ್ನಕ್ಕೆ ತಂದಿದ್ದ ಚೀಟಿ ಸೊಂಟ್ದಾಗೆ ಮಡಿಕ್ಕಂಡು. ಎಂಥ ಅತ್ತೆ ಸಿಕ್ಕವಳೆ ನಿಂಗೆ, ಬಿಂದೂ."

"ಸತ್ಯವಾಗ್ಲೂ ಅಕ್ಕ."

"ಸಾಕು ಬುಡು. ನಾನು ಉಟ್ಟಿದಾಗ್ನಿಂದ ಶಾವಿಗೆ ತಿಂತಿದ್ದೀನಿ. ನನ್ ನಾಲಿಗೆಗೆ ಗೊತ್ತಾಗಲ್ವಾ?"

ಮೂರನೇ ಸಲ ಬಡಿಸಿಕೊಂಡು ಕೂತಿದ್ದ ಸೀನಪ್ಪನೂ ಅಕ್ಕನ ಮಾತಿಗೆ ತಲೆಯಾಡಿಸಿದ. ಸಂಜೆ ಅಕ್ಕನನ್ನು ಬಸ್ ಹತ್ತಿಸಲು ಅವನೇ ಹೋದ. ಗೇಟಿನ ಹತ್ತಿರವೇ ಪಿಳ್ಳಮ್ಮ ಕೆಂಪಮ್ಮನ ದೊಡ್ಡಗುಣವನ್ನು ಪಕ್ಕದ ಮನೆಯವರಿಗೆ ಹೇಳತೊಡಗಿದ್ದು ಒಳಗೆ ಕೇಳಿಸಿತು.

ಅಡುಗೆಮನೆಯಲ್ಲಿ ಕೆಂಪಮ್ಮ ಒರಳಿಗೆ ಅಂಟಿದ್ದ ಹಿಟ್ಟನ್ನು ಕಡ್ಡಿಯಿಂದ ಕೀಳುತ್ತಿದ್ದಳು. ಅಳು ಬರುವಷ್ಟು ಬೇಜಾರಾಗಿತ್ತು. ಈ ರಟ್ಟೆ ಸವೆಸಿ ಇಷ್ಟು ಕಾಲ ಬಡಿಸಿದ್ದು ಯಾರ ನಾಲಿಗೆಗೂ ತಾಗಿರಲೇ ಇಲ್ಲವೇ?

"ನಂಗೆ ಮೊದಲನೇ ತುತ್ತಿಗೇ ಗೊತ್ತಾಯ್ತು ಅತ್ತೆ" ಎಂದಳು ಪಾತ್ರೆ ತೊಳೆಯುತ್ತಿದ್ದ ಬಿಂದುಶ್ರೀ.

"ಡಬ್ಬದ ಇಂದೆ ನೋಡಿರ್ತೀಯ."

"ಅದು ಆಮೇಲೆ ನೋಡಿದ್ದು. ನೀವು ಒತ್ತಿದ ಶಾವಿಗೆ ಹಲ್ಲಿಗೆ ಸ್ವಲ್ಪ ತಡೀತದೆ. ಗೋಧಿ ಆಗ್ಲಿ, ಅಕ್ಕಿ ಆಗ್ಲಿ, ನಿಮ್ಮ ಕೈದು ಹಾಗೆ ಜಾರಲ್ಲ. ನಂಗೆ ಆ ತಡೆಯೋದೇ ಇಷ್ಟ."

ಕೆಂಪಮ್ಮನ ಕೈಯಲ್ಲಿದ್ದ ಕಡ್ಡಿ ನಿಂತಿತು. ಇಷ್ಟು ದಿನ ಈ ಹುಡುಗಿ ತಟ್ಟೆಯ ಮುಂದೆ ಸುಮ್ಮನೆ ತಲೆತಗ್ಗಿಸಿ ಉಣ್ಣುವುದನ್ನು ಕಂಡು, ರುಚಿ ಗೊತ್ತಿಲ್ಲದವಳು ಎಂದುಕೊಂಡಿದ್ದಳು. ಹಿಗ್ಗಾಯಿತು. ಅದನ್ನು ಮುಖದ ಮೇಲೆ ಬರಗೊಡಲಿಲ್ಲ.

"ಸೀಮಂತಕ್ಕೆ ಇಟ್ಟು ನೀನೇ ಬೇಯ್ಸು" ಎಂದಳು. "ಒತ್ತಕ್ಕೆ ರೂಪೇಶ ಅವ್ನೆ."

"ನೀವು?"

"ನಾನು ಪಕ್ಕದಾಗೆ ಕುಂತ್ಕಂಡು ಬೈತೀನಿ."